ನನ್ನ ಮಗಳು ದುಷ್ಟೆಯಲ್ಲ, ವಿಕೆಟ್ ಕೀಪರ್

ಪ್ರಮಾಣಪತ್ರಗಳಿಗೆ ಕಣ್ಣು ಮುಚ್ಚಿ ಸಹಿ ಹಾಕುವ ಮಾನ್ಯರೇ,

ನನ್ನ ಮಗಳು ಭಾವನಾ ತಾಲ್ಲೂಕಿನ ಹುಡುಗಿಯರ ಕ್ರಿಕೆಟ್ ತಂಡದ ವಿಕೆಟ್ ಕೀಪರ್. ತಮ್ಮ ಕ್ರೀಡಾ ಕಚೇರಿಯಿಂದ ಕೊಟ್ಟ ಇಂಗ್ಲಿಷ್ ಪ್ರಮಾಣಪತ್ರದಲ್ಲಿ ಮಾತ್ರ ಆಕೆ 'ವಿಕೆಡ್ ಕೀಪರ್'. ಕೊನೆಯಲ್ಲಿ 'ಟಿ' ಇರಬೇಕಾದ ಕಡೆ 'ಡಿ' ಕೂತಿದೆ. ಇದೇ ಕಾರಣಕ್ಕೆ ಕಾಲೇಜಿನವರು ಕ್ರೀಡಾ ಕೋಟಾದ ಸೀಟು ತಡೆಹಿಡಿದು, ಶುಕ್ರವಾರದೊಳಗೆ ತಿದ್ದಿಸಿಕೊಂಡು ಬನ್ನಿ ಎಂದಿದ್ದಾರೆ.

ನಿಘಂಟು ತೆಗೆದು ನೋಡಿದೆ. ವಿಕೆಡ್ ಎಂದರೆ ದುಷ್ಟ, ದುರುಳ, ನೀಚ, ಪಾಪಿಷ್ಠ. ನಮ್ಮ ಮಿರ್ಲೆಯಲ್ಲಿ ಇಷ್ಟು ಬೈಯಿಸಿಕೊಳ್ಳಬೇಕಾದರೆ ಕನಿಷ್ಠ ಒಂದು ಬದುವಿನ ಜಗಳವಾದರೂ ಆಗಬೇಕು. ತಾವು ಪುಕ್ಕಟೆಯಾಗಿ, ಮೊಹರು ಸಮೇತ ಬೈದಿದ್ದೀರಿ. ನಮ್ಮವ್ವ ಪುಟ್ಟಮಲ್ಲಮ್ಮನಿಗೆ ಅರ್ಥ ಹೇಳಿದೆ. "ಬೈದಿದ್ದೂ ಅಲ್ದೆ ಮ್ಯಾಲೆ ಸೀಲ್ ಬ್ಯಾರೆ ಒಡ್ದವ್ರಾ? ಇದ್ಯಾವ ಸೀಮೆ ಆಪೀಸು ಕಣಪ್ಪ!" ಎಂದಳು.

ಕಚೇರಿಗೆ ಮೂರು ಸಲ ಬಂದೆ. ಮೊದಲ ಸಲ ತಾವು ಮೀಟಿಂಗಿನಲ್ಲಿದ್ದಿರಿ, ಎರಡನೆಯ ಸಲ ಊಟಕ್ಕೆ ಹೋಗಿದ್ದಿರಿ. ಮೂರನೆಯ ಸಲ ತಮ್ಮ ಗುಮಾಸ್ತರು ಮೊಬೈಲ್ ತೋರಿಸಿ, "ಈಗಿನ್ ಕಾಲ್ದಲ್ಲಿ ವಿಕೆಡ್ ಅಂದ್ರೆ ಸೂಪರ್ ಅಂತ ಕಣ್ರೀ. ಫಾರಿನ್ನಲ್ಲಿ ಹೊಗಳೋಕೇ ಹಂಗಂತಾರೆ. ಅಡ್ಜಸ್ಟ್ ಮಾಡ್ಕೊಳಿ" ಎಂದರು. "ಅಂಗಾರೆ ನಿಮ್ ಸಾಯೇಬ್ರ ಬೋರ್ಡಲ್ಲೂ ಎಸ್ರಿನ್ ಮುಂದೆ ಅದ್ನೇ ಬರ್ಸ್‌ಬುಡಿ ಸ್ವಾಮಿ" ಎಂದೆ. ಅವರು ಮೊಬೈಲನ್ನು ಜೇಬಿಗೆ ಹಾಕಿಕೊಂಡರು. ಯಾಕೆ ಮಾನ್ಯರೇ, ತಮಗೆ ಹೊಗಳಿಕೆ ಬೇಡವೇ?

ಬಿಳಿಕೆರೆಯ ಪಂದ್ಯದಲ್ಲಿ ಚೆಂಡು ಬಡಿದು ಭಾವನಾಳ ಕಿರುಬೆರಳು ಸೊಟ್ಟಗಾಯಿತು. ಬಟ್ಟೆ ಸುತ್ತಿಕೊಂಡು ಮತ್ತೆ ವಿಕೆಟ್ ಹಿಂದೆ ನಿಂತಳು. ಆ ಬೆರಳು ಇವತ್ತಿಗೂ ನೆಟ್ಟಗಾಗಿಲ್ಲ. ಅಷ್ಟು ನೋವಿಗೂ ಅಳದವಳು, ಕಾಲೇಜಿನಲ್ಲಿ ತನ್ನ ಪ್ರಮಾಣಪತ್ರ ಓದಿ ಎಲ್ಲರೂ ನಕ್ಕ ದಿನ ಅಳುತ್ತಾ ಬಂದು, "ಅಪ್ಪಾ, ಈ ಗ್ಲೌಸ್ ಯಾರಿಗಾರ ಕೊಟ್ಬುಡು" ಎಂದಳು. ಕೈತಪ್ಪಿನಿಂದ ಅಕ್ಷರ ಬದಲಾಗುವುದು ಪಾಪವಲ್ಲ, ಒಪ್ಪುತ್ತೇನೆ. ಆದರೆ ತಪ್ಪು ಗೊತ್ತಾದ ಮೇಲೂ ತಿದ್ದದೆ ಹೆಣ್ಣುಮಗಳ ಓದಿಗೆ ಅಡ್ಡ ನಿಲ್ಲುವವರನ್ನು ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ? ಆ ಪದ ತಮ್ಮ ಕಚೇರಿಗೆ ಗೊತ್ತಿದೆ. ವಿಳಾಸ ತಪ್ಪಿ ನಮ್ಮ ಮನೆಗೆ ಬಂದಿದೆ, ಅಷ್ಟೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ. ಭಾವನಾಳೂ ಬರುತ್ತಾಳೆ, ಗ್ಲೌಸ್ ತೊಟ್ಟುಕೊಂಡೇ. ಅವಳ 'ಟಿ' ಅವಳಿಗೆ ಕೊಟ್ಟು, ತಮ್ಮ 'ಡಿ' ತಾವೇ ಇಟ್ಟುಕೊಳ್ಳಿ.

ಇಂತಿ,
ತಮ್ಮ ಮೊಹರಿನ ಪ್ರಕಾರ ದುಷ್ಟೆಯೊಬ್ಬಳ ಅಪ್ಪ,
ಷಣ್ಮುಖಪ್ಪ, ಮಿರ್ಲೆ