ಹನ್ನೊಂದು ವರ್ಷದಲ್ಲಿ ಒಂದೇ ಗೋಲು

ಕೋಟಾ ಕಿನಬಾಲು, ಶುಕ್ರವಾರ

ಅಕ್ಕಾ,

ಸಬಾದ ಫುಟ್‌ಬಾಲ್ ತಂಡ ಸೇರಿ ಹದಿನೈದು ದಿನವಾಯಿತು. ಇಲ್ಲಿಯ ಜನ ನನ್ನನ್ನು ಒಪ್ಪುತ್ತಾರೋ ಇಲ್ಲವೋ ಎಂಬ ಅಳುಕಿತ್ತು. ಇವತ್ತು ಅದು ಹೋಯಿತು. ಬೆಳಿಗ್ಗೆ ಮೀನುಪೇಟೆಯಲ್ಲಿ ಒಬ್ಬ ಮುದುಕಿ ನನ್ನ ಮುಖ ನೋಡಿ ಪಕ್ಕದವಳನ್ನು ತಿವಿದಳು.

"ಇವನೇ ಕಣೇ, ಮೂರು ವರ್ಷದ ಹಿಂದೆ ತನ್ನೂರು ಕೋಟಾ ಬಾರುನಲ್ಲಿ ತನ್ನ ಗೋಲಿಗೆ ತಾನೇ ಹೊಡ್ದು ನಮ್ಮನ್ನ ಗೆಲ್ಸಿದೋನು." ಆಮೇಲೆ ನನಗೆ, "ಇವ್ನು ನಮ್ಮೋನೇ ಅಂತ ಅವತ್ತೇ ಅಂದ್ಕೊಂಡೆ ಮಗಾ," ಎಂದು ಎರಡು ಬಾಂಗಡೆ ಹೆಚ್ಚಿಗೆ ಹಾಕಿದಳು. ಇಡೀ ಸಾಲು ನಕ್ಕಿತು, ನಾನೂ ನಕ್ಕೆ. ಹನ್ನೊಂದು ವರ್ಷ ಡಿಫೆಂಡರ್ ಆಗಿ ಆಡಿದ ನನ್ನ ಹೆಸರಿನಲ್ಲಿರುವುದು ಅದೊಂದೇ ಗೋಲು. ಅದಾದ ಮೇಲೆ ಅಪ್ಪ ನಾಚಿಕೆಯಿಂದ ಒಂದು ತಿಂಗಳು ಕಾಫಿ ಅಂಗಡಿಯ ಕಡೆ ತಲೆ ಹಾಕಲಿಲ್ಲ, ನೆನಪಿದೆಯಲ್ಲ.

ಮಂಡಿನೋವು ಇಳಿದಿದೆ. ಇಲ್ಲಿ ನಮ್ಮ ಮೀನಿನ ಗೊಜ್ಜು ಬುಡು ಸಿಕ್ಕರೂ ಅದರಲ್ಲಿ ಅಮ್ಮನ ಕೈರುಚಿ ಇಲ್ಲ, ಒಂದು ಸೀಸೆ ಕಳಿಸು.

ಮುಂದಿನ ತಿಂಗಳು ಕೋಟಾ ಬಾರುನಲ್ಲಿ ನಮ್ಮೂರ ತಂಡದ ಮೇಲೇ ಪಂದ್ಯ. ಅದೇ ಗೋಲಿಗೆ ಮತ್ತೆ ಹೊಡೆದರೆ ಈ ಸಲ ತಪ್ಪಾಗುವುದಿಲ್ಲ. ಆದರೂ ಒಂದು ತಿಂಗಳಿಗಾಗುವಷ್ಟು ಕಾಫಿಪುಡಿ ಮನೆಗೇ ತಂದಿಟ್ಟುಕೊಳ್ಳಲು ಅಪ್ಪನಿಗೆ ಈಗಲೇ ಹೇಳಿಬಿಡು.

ಅಭ್ಯಾಸಕ್ಕೆ ಬಸ್ಸು ಬಂತು.
ತಮ್ಮ ಹಸ್ರುಲ್