ಏರೆ ಕೇಳಿಕೊಂಡ ಹೆಸರು

ಮುದ್ದಿನ ಅಕ್ಕ,

ಇಲ್ಲಿ ಬೆಟ್ಟವೂ ಕಡಲೂ ಒಂದೇ ಮಂಜಿನಲ್ಲಿ ಕರಗಿವೆ, ಅವುಗಳೊಡನೆ ನಾನೂ. ಮದುವೆಯಾದಾಗಿನಿಂದ ಊರಿನ ಪದ್ಧತಿಯಂತೆ ಎಲ್ಲರಿಗೂ ನಾನು ಬರೀ ‘ಕೋಲಮ್‌ನ ಹೆಂಡತಿ’. ನನ್ನ ಹೆಸರೇ ಕಳೆದುಹೋಯಿತೆಂದು ಅಳು ಬಂದಿತ್ತು.

ನಿನ್ನೆ ಬ್ರೆಡ್ಡಿನ ಹಿಟ್ಟು ನಾದುತ್ತಾ ಅತ್ತೆ ಐರಿಷ್ ಕಲಿಸಿದರು. ನಮ್ಮ ಐರಿಷ್ ನಾಡಿನ ಹೆಸರು ಏರೆ. ನಾಡಿನ ಎನ್ನಲು ಏರನ್, ನಾಡಿನಲ್ಲಿ ಎನ್ನಲು ಏರಿನ್.

“ಏರೆ ಅಂದ್ರೆ ದೇವತೆ ಕಣಮ್ಮ. ಕಡಲು ದಾಟಿ ಬಂದವರ ಹತ್ರ, ಈ ನೆಲಕ್ಕೆ ನನ್ನ ಹೆಸರೇ ಇರ್ಲಿ ಅಂತ ಕೇಳ್ಕೊಂಡ್ಳು. ಕೇಳಿದ್ದಕ್ಕೇ ಉಳೀತು.”

“ಹಾಗಾದ್ರೆ ನಾನೂ ಕೇಳ್ತೀನತ್ತೆ. ನನ್ನ ಹೆಸರು ಹಿಡಿದು ಕರೀರಿ.”

“ಡಬ್ಲಿನ್ ಹುಡುಗಿಗೆ ಬಾಯಿ ಜಾಸ್ತಿ” ಎಂದು ನಕ್ಕು ಮತ್ತೆ ಹಿಟ್ಟು ನಾದತೊಡಗಿದರು.

ಕೆಮ್ಮು ವಾಸಿಯಾಗಿದೆ, ಉಣ್ಣೆಯ ಕಾಲುಚೀಲ ಕಳಿಸು. ಇಗೋ, ಅತ್ತೆ ಅಂಗಳದಿಂದ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಾರೆ: “ಡರ್ವ್ಲಾ, ಚಹಾ ಆರೋಗ್ತಿದೆ, ಬಾರೇ.” ಓಡಿದೆ.

ನಿನ್ನ ಡರ್ವ್ಲಾ