ಎಡಗಡೆಯ ಜಾಡಿ ಈಗ ನನ್ನದು

ಅಕ್ಕಾ,

ನಾನು ಕೆಲಸಕ್ಕೆ ಹೊರಟೆ. ಬೀಟ್‌ರೂಟ್ ಹುಳಿನೀರಿನ ಜಾಡಿಗಳನ್ನು, ನಿನ್ನದು ನನ್ನದು ಎರಡನ್ನೂ, ನೀನೇ ನೋಡಿಕೋ. ಮುಚ್ಚಳ ಸಡಿಲಿಸಿ ಒಂದಿಷ್ಟು ಗಾಳಿ ಬಿಡು, ಇಲ್ಲದಿದ್ದರೆ ಅವೂ ನನ್ನ ಹಾಗೆ ಉಕ್ಕುತ್ತವೆ. ಮೇಲೆ ತೇಲಿದ ಹೋಳುಗಳನ್ನು ಒಣ ಚಮಚದಿಂದ ಉಪ್ಪುನೀರಿನೊಳಕ್ಕೆ ಅದುಮು, ಬೂಷ್ಟು ಹಿಡಿಯಬಾರದು.

ನಿನ್ನೆ ಅಡುಗೆಮನೆ ಕಟ್ಟೆ ಒರೆಸುವಾಗ ಜಾಡಿಗಳನ್ನು ಅದಲುಬದಲು ಇಟ್ಟಿದ್ದೀಯ. ನಿನ್ನದು ಯಾವಾಗಲೂ ಎಡಗಡೆ. ಅಪ್ಪನೋ, ನೋಡದೆ ಎಡಕ್ಕೇ ಕೈ ಹಾಕುವವರು. ಲೋಟದ ತುಂಬ ನನ್ನದನ್ನೇ ಬಗ್ಗಿಸಿಕೊಂಡು ಕುಡಿದರು. ಮೀಸೆಯೆಲ್ಲ ಕೆಂಪು. ಆಮೇಲೆ ನನ್ನ ಕಡೆ ತಿರುಗಿ, “ಆಹಾಹಾ! ಹುಳಿ ಅಂದ್ರೆ ಹಿಂಗಿರ್ಬೇಕು ಕಣೇ! ದೊಡ್ಡೋಳ ಕೈಗುಣ! ನೀನೂ ಸ್ವಲ್ಪ ಕಲ್ತ್ಕೋ!” (ಇದನ್ನು ಅವರ ಧ್ವನಿಯಲ್ಲೇ ಓದು. ಕೊನೆಗೊಂದು ಕೆಮ್ಮು ಸೇರಿಸು.)

ನನ್ನದನ್ನೇ ಕುಡಿದು ನನಗೇ ಪಾಠ! “ಅದು ನಂದಪ್ಪಾ” ಅಂದೆ.

“ಹೋಗೇ ಸುಳ್ಳುಬುರುಕಿ!” ಅಂತ ನಕ್ಕು, ಇನ್ನರ್ಧ ಲೋಟ ಬಗ್ಗಿಸಿಕೊಂಡು ಹೋದರು.

ನಿನ್ನದೂ ಚೆನ್ನಾಗೇ ಇದೆ, ಕದ್ದು ಕುಡಿದು ನೋಡಿದೆ. ಶುಂಠಿ ಜಾಸ್ತಿಯಾಗಿದೆ. ಆಗಿಲ್ಲದಿದ್ದರೂ ನಾನು ಹಾಗೇ ಬರೆಯುತ್ತಿದ್ದೆ.

ಜಾಡಿಗಳನ್ನು ಮತ್ತೆ ಬದಲಿಸಬೇಡ, ಇದ್ದಲ್ಲೇ ಇರಲಿ. ಸಂಜೆ ಅಪ್ಪ ಲೋಟ ಹಿಡಿದು ಬಂದಾಗ, “ಇದು ಚಿಕ್ಕವಳು ಮಾಡಿದ್ದು, ನಿನ್ನೆ ಕುಡಿದದ್ದೂ ಅವಳದ್ದೇ” ಅಂತ ನಿನ್ನ ಬಾಯಿಂದಲೇ ಹೇಳು. ಮುಸಿಮುಸಿ ನಗದೆ ಹೇಳು. ನೀನು ಹೇಳಿದರೆ ಮರುಮಾತಿಲ್ಲದೆ ನಂಬುತ್ತಾರೆ. ನನಗೆ ನಿನ್ನ ಮೇಲಿರುವ ಹೊಟ್ಟೆಕಿಚ್ಚೆಲ್ಲ ಅದಕ್ಕೇ.